ಅಪ್ಪ ಗ್ಯಾರೇಜಿನಲ್ಲಿ ನೋಡಿದ ವಿಡಿಯೋ

ಅಪ್ಪನಿಗೆ ಮೂತ್ರ ಬರುತ್ತಿರಲಿಲ್ಲ. ಬಿಪಿಗೆ ಎರಡು ಮೂತ್ರಪಿಂಡಗಳೂ ಹೋಗಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಕೇಂದ್ರದ ಕುರ್ಚಿಯಲ್ಲಿ ಒರಗಿ, ತೋಳಿಗೆ ದಪ್ಪ ಸೂಜಿ ಚುಚ್ಚಿಸಿಕೊಂಡು, ರಕ್ತ ತೊಳೆಸಿಕೊಂಡು ಬರುತ್ತಿದ್ದ. ಆಕ್ಲೆಂಡಿನ ಈ ಕಡೆಯ ಕೇಂದ್ರಗಳಲ್ಲಿ ಟೋಂಗಾ ದ್ವೀಪಗಳಿಂದ ಬಂದ ನಮ್ಮವರೇ ಹೆಚ್ಚು. ನಮ್ಮ ಚರ್ಚಿನ ಹಾಡುಗಾರರಲ್ಲಿ ದಪ್ಪ ದನಿಯವರೆಲ್ಲ ಅದೇ ಸಾಲಿನಲ್ಲಿ ಮಲಗಿರುತ್ತಿದ್ದರು.

ಆ ವರ್ಷ ಅಪ್ಪನ ತೋಳಿನಲ್ಲಿ ಸೂಜಿಗೆ ನರ ಸಿಗುವುದು ಕಷ್ಟವಾಯಿತು. ಹೃದಯವೂ ದಣಿದಿದೆ, ಹೀಗೇ ಬಹಳ ಕಾಲ ನಡೆಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ನನ್ನ ಒಂದು ಮೂತ್ರಪಿಂಡ ಕೊಡುತ್ತೇನೆ ಎಂದೆ. ಪರೀಕ್ಷೆಯಲ್ಲಿ ನನಗೇ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಗೊತ್ತಾಯಿತು. ಅಮ್ಮನಿಗೆ ಅದು ಮೊದಲಿನಿಂದಲೂ ಇತ್ತು. ಅದಿದ್ದವರು ಕೊಡುವಂತಿಲ್ಲ.

ಆಗ ನರ್ಸ್ ಫಿಲಿಪಾ ಅಪ್ಪನ ಫೋನಿಗೆ ಮೂತ್ರಪಿಂಡದ ಕಸಿಯ ಬಗ್ಗೆ ಮಾಡಿದ ಸಣ್ಣ ಸಣ್ಣ ವಿಡಿಯೋಗಳನ್ನು ಕಳಿಸಿದಳು. ನಮ್ಮ ಭಾಷೆಯಲ್ಲಿ, ನಮ್ಮ ಜನರೇ ಮಾತಾಡಿದಂಥವು.

"ಮನೆಯವರೆಲ್ಲ ಒಟ್ಟಿಗೆ ಕೂತು ನೋಡಿ ಕೆಲೇಪಿ," ಎಂದಳು ಅಪ್ಪನಿಗೆ. "ಸತ್ತವರ ಕಿಡ್ನಿಗೆ ಕಾಯೋರ ಸಾಲು ಉದ್ದ ಇದೆ. ಮನೆಯವರೇ ಯಾರಾದ್ರೂ ಕೊಟ್ರೆ ಬೇಗ ಆಗತ್ತೆ. ಒಡಹುಟ್ಟಿದವರು ಇದಾರಾ?"

"ಒಬ್ಬಳು ಅಕ್ಕ ಇದಾಳೆ."

"ಹಾಗಾದ್ರೆ ಅವರನ್ನ ಪಕ್ಕದಲ್ಲೇ ಕೂರಿಸ್ಕೊಂಡು ನೋಡಿ."

ಅಪ್ಪ ನನ್ನ ಮುಖ ನೋಡಿದ. ಫಿಲಿಪಾ ಒಳ್ಳೆಯವಳು, ಬಿಳಿಯರವಳು, ಅವಳಿಗೇನು ಗೊತ್ತು. ಆ ಅಕ್ಕನ, ಅಂದರೆ ನನ್ನ ಅತ್ತೆ ವೈಮೋವಾನರ ಪಕ್ಕ ಕೂತು ಅಪ್ಪ ಟಿವಿಯಲ್ಲಿ ಹವಾಮಾನ ವರದಿಯನ್ನೂ ನೋಡಿದವನಲ್ಲ. ನಮ್ಮಲ್ಲಿ ದೊಡ್ಡವರಾದ ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಟಿವಿ ನೋಡುವುದಿಲ್ಲ. ಅದರಲ್ಲಿ ಯಾವಾಗ ಯಾರು ಯಾರಿಗೆ ಮುತ್ತು ಕೊಡುತ್ತಾರೋ ಹೇಳಲಾಗದು. ಮೈಗೆ ಸಂಬಂಧಿಸಿದ ಮಾತಂತೂ ಒಬ್ಬರೆದುರು ಒಬ್ಬರು ಎತ್ತುವಂತಿಲ್ಲ. ಅಕ್ಕನ ಸ್ಥಾನ ತಮ್ಮನದಕ್ಕಿಂತ ಮೇಲು. ಅವಳು ಬೇಕೆಂದದ್ದನ್ನು ಅವನು ಕೊಡಬೇಕು. ಅವನು ಅವಳನ್ನು ಏನನ್ನೂ ಕೇಳಬಾರದು. ಅತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ದಿನಾ ಬೆಳಿಗ್ಗೆ ಆಫೀಸುಗಳ ಆರು ಮಹಡಿ ಹತ್ತಿ ಇಳಿದು ಕಸ ಗುಡಿಸುತ್ತಿದ್ದರು.

ಕಾರಿನಲ್ಲಿ ಕೇಳಿದೆ. "ನಾನೇ ಅತ್ತೆಗೆ ಹೇಳ್ಲಾ ಅಪ್ಪ?"

"ಹೇಳಿ ನೋಡು. ಆ ಕುರ್ಚಿಗೂ ಹೋಗೋದು ಬಿಟ್ಟು ಮನೇಲೇ ಸಾಯ್ತೀನಿ."

ಅವನು ಹೇಳಿದಂತೆ ಮಾಡುವವನೇ. ಆ ಯೋಚನೆ ಬಿಟ್ಟೆ.

ಯಾರೂ ಏನೂ ಕೇಳದೆ, ಬೇರೆ ಬೇರೆ ಕೋಣೆಯಲ್ಲಿ ಕೂತು ವಿಡಿಯೋ ನೋಡುವುದಕ್ಕೆ ಅಮ್ಮ ಒಂದು ದಾರಿ ಹುಡುಕಿದಳು. ಭಾನುವಾರ ಚರ್ಚು ಮುಗಿಸಿ ಅತ್ತೆ ನಮ್ಮಲ್ಲಿಗೆ ಊಟಕ್ಕೆ ಬಂದರು. ಕೆಸುವಿನ ಎಲೆಯಲ್ಲಿ ಕಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕುರಿಮಾಂಸ ತಿಂದಾದ ಮೇಲೆ, ಅಪ್ಪ ತನ್ನ ಫೋನು ಹಿಡಿದು ಗ್ಯಾರೇಜಿಗೆ ಹೋದ. ನಾವು ಮೂವರು ಹೆಂಗಸರು ಮುಂದಿನ ಕೋಣೆಯಲ್ಲಿ ಟಿವಿ ಎದುರು ಕೂತೆವು. ಅತ್ತೆ ಚರ್ಚಿನ ಬಟ್ಟೆಯಲ್ಲೇ ಇದ್ದರು. ಗೌರವಕ್ಕೆಂದು ನಮ್ಮವರು ಸೊಂಟಕ್ಕೆ ಕಟ್ಟುವ ಚಾಪೆ ಬಿಚ್ಚಿರಲಿಲ್ಲ. ಕೈಯಲ್ಲಿ ಬೀಸಣಿಗೆ.

ಅವೇ ವಿಡಿಯೋಗಳನ್ನು ನಾನು ಟಿವಿಯಲ್ಲಿ ಹಾಕಿದೆ. ಮೊದಲನೆಯದು ಉಪ್ಪಿನ ಬಗ್ಗೆ. ಅತ್ತೆ ಅಮ್ಮನನ್ನೊಮ್ಮೆ ನೋಡಿದರು.

"ನಿನ್ನ ಅಡುಗೆ ನೋಡಿಯೇ ಮಾಡಿದಾರೆ ಇದನ್ನ," ಎಂದರು.

"ಎರಡು ಸಲ ಬಡಿಸ್ಕೊಂಡ್ರಲ್ಲ ಅತ್ತಿಗೆ."

"ನಿನಗೆ ಬೇಜಾರಾಗಬಾರದು ಅಂತ."

ಅಷ್ಟರಲ್ಲಿ ಟಿವಿ ಒಮ್ಮೆ ಕಪ್ಪಾಗಿ, ಉಪ್ಪಿನ ವಿಡಿಯೋ ಹೋಗಿ ಬೇರೆ ಯಾವುದೋ ಬಂತು. ಹಿಂದಿನ ದಿನ ರಗ್ಬಿ ನೋಡಲು ಅಪ್ಪ ತನ್ನ ಫೋನನ್ನು ವೈಫೈಯಲ್ಲಿ ಟಿವಿಗೆ ಜೋಡಿಸಿಕೊಂಡಿದ್ದ. ಬಿಡಿಸಿರಲಿಲ್ಲ. ಅವನು ಗ್ಯಾರೇಜಿನಲ್ಲಿ ನೋಡುತ್ತಿದ್ದದ್ದೆಲ್ಲ ನಮ್ಮೆದುರು ಗೋಡೆಯಗಲ ಬರುತ್ತಿತ್ತು. ಅವನ ಫೋನಿನ ಸ್ಪೀಕರ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಕೆಳಗೆ ಬರುವ ಅಕ್ಷರ ಓದಿಕೊಂಡು ನೋಡುವುದು ಅವನಿಗೆ ಅಭ್ಯಾಸ. ಧ್ವನಿಯೆಲ್ಲ ನಮ್ಮ ಕಡೆಗೇ.

ಟಿವಿಯಲ್ಲಿ ಹೂವಿನ ಅಂಗಿ ತೊಟ್ಟ ದಪ್ಪ ಗಂಡಸೊಬ್ಬ ಇದ್ದ. ಕಸಿಯಾದ ಮೇಲೆ ಹೊಸ ಚೈತನ್ಯ ಬಂತು ಎಂದ. ಹೆಂಡತಿಯ ಜೊತೆ ಮಲಗುವ ವಿಷಯದಲ್ಲೂ ಈಗ ಚಿಂತೆಯಿಲ್ಲ ಎಂದ. ಅವನ ಹೆಂಡತಿ ಪಕ್ಕದಲ್ಲಿ ನಕ್ಕಳು.

ಬೀಸಣಿಗೆ ಅತ್ತೆಯ ಮುಖ ಮುಚ್ಚಿತು. ಅಮ್ಮ ನೆಲದ ಚಾಪೆಯ ಹೆಣಿಗೆ ನೋಡತೊಡಗಿದಳು. ನಾನು ರಿಮೋಟ್ ಹುಡುಕಿದೆ.

ಗಂಡಸು ಮಾತು ಮುಗಿಸಿದ. ಚಿತ್ರ ಹಿಂದಕ್ಕೆ ಓಡಿತು. ಅಪ್ಪ ಆ ಭಾಗವನ್ನೇ ಮತ್ತೆ ಹಾಕಿದ್ದ.

"ಲೋಸಾ," ಎಂದರು ಅತ್ತೆ ಬೀಸಣಿಗೆಯ ಹಿಂದಿನಿಂದ.

"ಏನತ್ತಿಗೆ?"

"ನನಗೇನೂ ಕಾಣಿಸ್ತಿಲ್ಲ."

"ನನಗೂ ಇಲ್ಲ."

ರಿಮೋಟ್ ಅತ್ತೆಯ ಅಡಿಯಲ್ಲಿತ್ತು. ಅವರನ್ನು ಏಳಿಸುವ ಧೈರ್ಯ ನನಗೆ ಬರಲಿಲ್ಲ. ಗ್ಯಾರೇಜಿಗೆ ಓಡಿ ಹೇಳೋಣವೆಂದು ಬಾಗಿಲವರೆಗೆ ಹೋದೆ. ಹೇಳಿದರೆ ಅಕ್ಕ ಏನೇನು ನೋಡಿದಳೆಂದು ಅಪ್ಪನಿಗೆ ಗೊತ್ತಾಗುತ್ತದೆ. ಅಲ್ಲೇ ನಿಂತೆ.

ಮುಂದಿನ ವಿಡಿಯೋದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬೇಲಿಯ ಪಕ್ಕ ಕೂತಿದ್ದಳು. "ನನ್ನ ತಮ್ಮನಿಗೆ ನಾನೇ ಕೊಟ್ಟೆ," ಎಂದಳು. "ಅವನು ಕೇಳಲಿಲ್ಲ. ಹೇಗೆ ಕೇಳ್ತಾನೆ?"

ಚಿತ್ರ ಹಿಂದಕ್ಕೆ ಓಡಿತು. ಅವನು ಕೇಳಲಿಲ್ಲ, ಹೇಗೆ ಕೇಳ್ತಾನೆ. ಮತ್ತೆ ಓಡಿತು. ಆಮೇಲೆ ಆ ಹೆಂಗಸು ಬಾಯಿ ತೆರೆದಿದ್ದಂತೆಯೇ ಚಿತ್ರ ನಿಂತುಬಿಟ್ಟಿತು. ಅಪ್ಪ ವಿಡಿಯೋ ಬಿಟ್ಟು ರಗ್ಬಿ ಹಾಕಿದ. ಯಾರೋ ಚೆಂಡು ಹಿಡಿದು ಓಡಿದರು, ಬಿದ್ದರು. ರಗ್ಬಿ ಹೋಯಿತು. ಮತ್ತೆ ಬೇಲಿಯ ಪಕ್ಕದ ಹೆಂಗಸು ಬಂದಳು.

ಬೀಸಣಿಗೆ ಕೆಳಗಿಳಿದಿತ್ತು. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಎಷ್ಟು ದಿನದಿಂದ ಹೀಗೆ?" ಎಂದರು ನನ್ನ ಕಡೆ ತಿರುಗದೆ.

"ನರ ಸಿಗೋದು ಕಷ್ಟ ಆದಾಗಿಂದ. ನಿಮ್ಮ ಹತ್ರ ಹೇಳಿದ್ರೆ ಡಯಾಲಿಸಿಸ್ ಬಿಡ್ತೀನಿ ಅಂದಿದಾನೆ."

"ನೀನೇನೂ ಹೇಳಿಲ್ಲ. ಟಿವಿ ಹೇಳ್ತು." ಅತ್ತೆ ಎದ್ದು, ರಿಮೋಟ್ ತೆಗೆದು ಟಿವಿ ಆರಿಸಿದರು. "ಹೋಗು, ನಿಮ್ಮಪ್ಪನಿಗೆ ಹೇಳು. ಸೋಮವಾರ ನಾನು ಆ ನರ್ಸ್ ಹತ್ರ ಹೋಗ್ತೀನಿ ಅಂತ."

ಗ್ಯಾರೇಜಿನಲ್ಲಿ ಅಪ್ಪ ಹಳೆ ಟೈರಿನ ಮೇಲೆ ಕೂತಿದ್ದ. ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

"ಬೇಡ ಅನ್ನು."

ಹೋಗಿ ಹೇಳಿದೆ. ಅತ್ತೆ ಬೀಸಣಿಗೆ ಮಡಿಲಲ್ಲಿಟ್ಟುಕೊಂಡರು.

"ಅವನನ್ನ ಯಾರು ಕೇಳಿದ್ರು? ಅವನ ಮಗಳ ಮದುವೆ ಕೇಕು ನಂದು, ಅವನ ಹೊಲದ ಮೊದಲ ಗೆಣಸು ನಂದು. ಇದೂ ನಾನು ಹೇಳಿದ ಹಾಗೇ. ಬೇಡ ಅನ್ನೋದಾದ್ರೆ ಬಂದು ನನ್ನ ಎದುರು ನಿಂತು ಅನ್ನಲಿ."

ಮತ್ತೆ ಗ್ಯಾರೇಜಿಗೆ ಹೋದೆ. ಅಪ್ಪ ಬಹಳ ಹೊತ್ತು ಫೋನನ್ನು ಅಂಗಿಯಿಂದ ಒರೆಸಿದ.

"ಎದುರು ನಿಂತು ಅಂತ ಹೇಳಿದ್ಲಾ?"

"ಹೂಂ."

"ಅದು ಹೇಗಾಗತ್ತೆ," ಎಂದ. ಅಲ್ಲಿಗೆ ಒಪ್ಪಿದಂತಾಯಿತು. ಮುಖ ಅತ್ತ ತಿರುಗಿಸಿಕೊಂಡ. ನಾನು ಹೊರಗೆ ಬಂದೆ.

ಆಸ್ಪತ್ರೆಯಲ್ಲಿ ಅತ್ತೆಯನ್ನು ಒಂಟಿಯಾಗಿ ಕೂರಿಸಿ, ಮನೆಯಲ್ಲಿ ಯಾರಾದರೂ ಒತ್ತಾಯ ಮಾಡಿದರೇ, ಹೆದರಿಸಿದರೇ ಎಂದು ಕೇಳಿದರಂತೆ. "ನನ್ನನ್ನಾ?" ಎಂದು ಅತ್ತೆ ಎಷ್ಟು ನಕ್ಕರೆಂದರೆ ಪಕ್ಕದ ಕೋಣೆಯವರು ಇಣುಕಿದರು. ಅಪ್ಪನನ್ನೂ ಬೇರೆಯಾಗಿ ಕೇಳಿದರು. ಅವನು, "ಬದುಕೋಕೆ ಇಷ್ಟ ಇದೆ. ಅವಳಿಗೆ ಹೇಳಬೇಡಿ," ಎಂದನಂತೆ.

ಪರೀಕ್ಷೆಗಳಿಗೆ ತಿಂಗಳುಗಳೇ ಹಿಡಿದವು. ಆ ಭಾನುವಾರ ಟಿವಿಯಲ್ಲಿ ಏನು ಬಂತೆಂದು ಅಷ್ಟರಲ್ಲಿ ಅಮ್ಮ ಬಾಯಿಬಿಟ್ಟಳು. ಅಪ್ಪ ಅಮ್ಮನ ಜೊತೆ ಮಾತು ಬಿಟ್ಟ, ಚರ್ಚಿನಲ್ಲಿ ಅತ್ತೆಯ ಕಣ್ಣಿಗೆ ಬೀಳದಂತೆ ಕಂಬದ ಹಿಂದೆ ಕೂರತೊಡಗಿದ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆಯೇ ಅಮ್ಮನ ಹತ್ತಿರ ಮತ್ತೆ ಬಾಯಿ ತೆರೆದದ್ದು, ಅದೂ ಚಪ್ಪಲಿ ಎಲ್ಲಿ ಎಂದು.

ಎಲ್ಲ ಸರಿಯಾಗಿ ನಡೆಯಿತು. ಅಪ್ಪನ ಹಾಸಿಗೆಯ ಪಕ್ಕದ ಮೂತ್ರದ ಚೀಲ ತುಂಬಿದ್ದನ್ನು ನೋಡಲು ಚರ್ಚಿನ ಅರ್ಧ ಜನ ಬಂದರು. ಫಿಲಿಪಾಳಿಗೆ ಸಂಭ್ರಮ. ಅಪ್ಪನನ್ನು ಗಾಲಿಕುರ್ಚಿಯಲ್ಲಿ ಅತ್ತೆಯ ಕೋಣೆಗೆ ತಳ್ಳಿಕೊಂಡು ಹೋದಳು. ಅಪ್ಪ ನೆಲ ನೋಡಿದ. ಅತ್ತೆ ಕಿಟಕಿ ನೋಡಿದರು.

"ಊಟ ಮಾಡ್ದ್ಯಾ?" ಎಂದರು ಅತ್ತೆ.

"ಮಾಡ್ದೆ ಅಕ್ಕ."

"ಸರಿ, ಹೋಗು."

"ಅಷ್ಟೇನಾ?" ಎಂದಳು ಫಿಲಿಪಾ ನನ್ನ ಕಿವಿಯಲ್ಲಿ. ಅಷ್ಟೇ ಎಂದೆ.

ಅಪ್ಪ ಮನೆಗೆ ಬಂದ ಮೇಲೆ ಚರ್ಚಿನವರಿಗೆಲ್ಲ ಹಂದಿ ಸುಟ್ಟು ಊಟ ಹಾಕಿದೆವು. ಅತ್ತೆ ತಮ್ಮ ಹಕ್ಕಿನಂತೆ ಮನೆಯೆಲ್ಲ ಸುತ್ತಿ, ಇಷ್ಟವಾದದ್ದನ್ನು ವ್ಯಾನಿಗೆ ಹೇರಿಸಿಕೊಂಡು ಹೋದರು. ಒಟ್ಟಿನಲ್ಲಿ ಹೋದದ್ದು ಇಷ್ಟು: ಅತ್ತೆಯ ಒಂದು ಮೂತ್ರಪಿಂಡ, ಮೂರು ಹಂದಿ, ಅಮ್ಮನ ಎರಡು ಒಳ್ಳೆಯ ಚಾಪೆ, ನನ್ನ ಹೊಸ ಫ್ರೀಜರ್ ಒಂದು.