ಬ್ಯಾಟರಿಯ ವೈರು

ಅಪ್ಪ ದಿನಕ್ಕೆ ಎಷ್ಟು ಸಲ ನನ್ನ ಹೆಸರು ಕರೆಯುತ್ತಾರೆಂದು ನಾನು ಎಣಿಸತೊಡಗಿದ್ದೇನೆ. ಇದನ್ನು ಡೈರಿಯಲ್ಲಿ ಬರೆಯಲೂ ನಾಚಿಕೆ. ಎರಡು ಸಲ. ರೂಪಶ್ರೀಯ ಹೆಸರು ಇಪ್ಪತ್ತು ದಾಟುತ್ತದೆ.

ಹುಣಸೂರಿನ ನಮ್ಮ ಗ್ಯಾರೇಜಿಗೆ ಅವಳು ಹನಗೋಡಿನಿಂದ ಬಂದು ಮೂರು ತಿಂಗಳಾಯಿತು. ಕಾರುಗಳ ನೆಗ್ಗಿದ ತಗಡು ಸರಿಮಾಡುತ್ತಾಳೆ. ಬಿ.ಕಾಂ. ಓದಿದ ನಾನು ಮೂಲೆಯಲ್ಲಿ ಕೂತು ಕೆಲಸದ ಚೀಟಿ ಬರೆಯುತ್ತೇನೆ.

"ಕೈ ಅಂದ್ರೆ ರೂಪಂದು ಕಣವ್ವ, ನೋಡ್ಕೊ," ಎಂದರು ಅಪ್ಪ ಇವತ್ತೂ.

ಬಂದಿದ್ದು ಏರ್‌ಬ್ಯಾಗ್ ಇರುವ ಕಾರು. ಅವಳು ನಿಯಮದಂತೆ ಬ್ಯಾಟರಿಯ ವೈರು ಬಿಚ್ಚಿ, ಏರ್‌ಬ್ಯಾಗಿನಲ್ಲಿ ಉಳಿದ ಕರೆಂಟು ಇಳಿಯಲು ಹತ್ತು ನಿಮಿಷ ಕಾಯಬೇಕಲ್ಲ ಎಂದು ಟೀ ಕುಡಿಯಲು ಹೋದಳು. ಅಪ್ಪನದು ಹಳೆಯ ಕಾರುಗಳಲ್ಲಿ ಪಳಗಿದ ಕೈ. ಕಿಟಕಿಯ ಗಾಜು ಏರಿಸಲೆಂದು ವೈರು ಮತ್ತೆ ಸಿಕ್ಕಿಸಿದರು, ಏರಿಸಿದರು, ಬಿಚ್ಚುವುದನ್ನು ಮರೆತು ಪೇಟೆಗೆ ಹೋದರು. ನಾನು ಮೇಜಿನಿಂದಲೇ ನೋಡಿದೆ.

ರೂಪಶ್ರೀ ಬಂದು ಸೀಟಿನ ಪಕ್ಕ ಮೊಣಕಾಲೂರಿ, ಎರಡು ಬಾಗಿಲುಗಳ ನಡುವಿನ ನೆಗ್ಗಿದ ಕಂಬಕ್ಕೆ ಸುತ್ತಿಗೆ ಎತ್ತಿದಳು. ಆ ಪೆಟ್ಟನ್ನೇ ಅಪಘಾತವೆಂದು ತಿಳಿದು ಸೀಟಿನೊಳಗಿನ ಏರ್‌ಬ್ಯಾಗು ಸಿಡಿದರೆ, ನೇರ ಅವಳ ಮುಖಕ್ಕೆ. ಸಿಡಿಯಲಿ, ಇವಳೂ ಒಮ್ಮೆ ಬೈಸಿಕೊಳ್ಳಲಿ ಎಂದುಕೊಂಡೆ.

"ಏನ್ ಮೇಡಂ, ಅಂಗ್ ನೋಡ್ತೀರ? ದೃಷ್ಟಿ ಆಗ್ಬುಡ್ತದೆ!" ಎಂದು ನಕ್ಕಳು. ನಗುತ್ತಲೇ ಕೆನ್ನೆಯನ್ನು ಸೀಟಿಗೆ ಆನಿಸಿ ಗುರಿ ನೋಡಿದಳು.

ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು.

"ಹೊಡೀಬ್ಯಾಡ ರೂಪಾ! ಅಪ್ಪ ವೈರು ಹಾಕವ್ರೆ. ನಾನು ನೋಡ್ದೆ. ನೋಡಿಯೂ ಸುಮ್ನಿದ್ದೆ ಕಣೆ. ಅಷ್ಟು ಹೊಟ್ಟೆಕಿಚ್ಚು ನಂಗೆ, ನಿನ್ ಮ್ಯಾಲೆ."