ಎದುರಾಳಿಗೆ ಹೇಳಿಕೊಟ್ಟ ಪಟ್ಟು

ವಿಜಯಲಕ್ಷ್ಮಿಗೆ ಒಂದು ಕಡೆ ಕೂಡಲು ಬರುತ್ತಿರಲಿಲ್ಲ. ಮನೆಯಲ್ಲಿ ಚಹಾ ನಿಂತೇ ಕುಡಿಯುವಳು. ಕಾಲೇಜಿನಲ್ಲಿ ಸ್ಟಾಫ್ ರೂಮಿನ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುವಳು. "ನಿನ್ನ ಕಾಲಾಗ ಚಕ್ರ ಅದಾವೇನ?" ಎಂದು ಗಂಡ ಶರತ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕಾಡಿಸುವನು. ಅಂಥವಳನ್ನು ತಂದು ಕುಸ್ತಿ ಕಣದ ಮೂಲೆಯಲ್ಲಿ ಕೋಚ್ ಕುರ್ಚಿಗೆ ಕೂಡಿಸಿದರೆ ಏನಾದೀತು? ಆಗಬಾರದ್ದೇ ಆಯಿತು.

ಗಜೇಂದ್ರಗಡದ ನೇಕಾರರ ಮನೆಯ ಈ ಹುಡುಗಿ ಕಾಲೇಜಿನ ಮೂರೂ ವರ್ಷ ವಿಶ್ವವಿದ್ಯಾಲಯದ ಚಾಂಪಿಯನ್. ಅವಳ ಬೆನ್ನು ನೆಲಕ್ಕೆ ಹತ್ತಿಸಿದವರೇ ಇರಲಿಲ್ಲ. ಕೆಳಗೆ ಸಿಕ್ಕರೆ ತಲೆಯನ್ನೂ ಪಾದವನ್ನೂ ಊರಿ ನಡುವನ್ನು ಕಮಾನಿನಂತೆ ಎತ್ತಿಬಿಡುವಳು. ಬ್ರಿಜ್ ಅನ್ನುತ್ತಾರೆ ಅದಕ್ಕೆ. ಮೇಲೆ ಇದ್ದವಳು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಉರುಳಿ ಕೆಳಗೆ ಬಿದ್ದಿರುವಳು. ಅದೇ ಬ್ರಿಜ್ ಕೊನೆಗೆ ಅವಳ ಕುತ್ತಿಗೆಯನ್ನು ತಿಂದುಹಾಕಿತು. ತರಬೇತಿ ಶಿಬಿರದಲ್ಲಿ ಒಂದು ದಿನ ಕುತ್ತಿಗೆಯೊಳಗೆ ಏನೋ ಲಟಕ್ಕೆಂದಿತು, ಎಡಗೈ ಜೋಮು ಹಿಡಿಯಿತು. ದವಾಖಾನೆಯಲ್ಲಿ ಕುಸ್ತಿ ಇಲ್ಲಿಗೆ ಸಾಕು ಅಂದರು. ಎಷ್ಟು ಅತ್ತಳೋ ಅವಳಿಗೇ ಗೊತ್ತು. ಆಮೇಲೆ ಇನ್ನಷ್ಟು ಓದಿ, ಊರಿನ ಕಾಲೇಜಿಗೇ ದೈಹಿಕ ಶಿಕ್ಷಣದ ಮೇಡಂ ಆಗಿ ಬಂದಳು.

ಅಲ್ಲಿ ಕೈಗೆ ಸಿಕ್ಕವಳು ರಾಜೇಶ್ವರಿ, ಪಕ್ಕದ ಹಳ್ಳಿ ಪುರ್ತಗೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟ ಹನುಮಂತಪ್ಪನ ಮಗಳು. ಹುಡುಗಿಯ ಕಾಲು ಗಟ್ಟಿ, ಹಟ ಅದಕ್ಕಿಂತ ಗಟ್ಟಿ. ಆದರೆ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಈ ಸಲ ಬಂಗಾರದ ಪದಕ ತಂದ್ರ ಮುಂದ ಆಡಲಿ. ಇಲ್ಲಾಂದ್ರ ಸಾಕ್ರಿ ಅಕ್ಕಾರ, ಮನ್ಯಾಗ ಇರಲಿ."

ವಿಜಯಲಕ್ಷ್ಮಿ ಅವಳಿಗೆ ಎಲ್ಲವನ್ನೂ ಕಲಿಸಿದಳು, ಬ್ರಿಜ್ ಒಂದನ್ನು ಮಾತ್ರ ಹೆಸರಿಗಷ್ಟೇ ಕಲಿಸಿದಳು. "ಪಾಯಿಂಟ್ ತಗೊ, ದೂರ ಸರಿ. ಕೆಳಗ ಸಿಗಾಕ ಹೋಗಬ್ಯಾಡ," ದಿನಾ ಇದೇ ಮಂತ್ರ. ತನ್ನ ಕುತ್ತಿಗೆಗೆ ಬಂದ ಗತಿ ಹುಡುಗಿಗೆ ಬಂದೀತೆಂಬ ಭಯ. ಅದನ್ನು ಕಾಳಜಿ ಅಂತ ಕರೆದುಕೊಂಡು ಸಮಾಧಾನ ಮಾಡಿಕೊಂಡಿದ್ದಳು, ಅಷ್ಟೇ.

ಆ ವರ್ಷದ ವಿಶ್ವವಿದ್ಯಾಲಯ ಕುಸ್ತಿಯ ಫೈನಲ್ ನರಗುಂದದಲ್ಲಿ. ಎದುರಿಗೆ ಅದೇ ಊರಿನ ಆಸಿಫಾ. ಅವಳ ಗುರು ಅಬ್ದುಲಗನಿ ಸರ್ ಕಣದ ಆಚೆ ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಎರಡನೇ ಸುತ್ತಿನ ಹೊತ್ತಿಗೆ ರಾಜೇಶ್ವರಿ ಪಾಯಿಂಟಿನಲ್ಲಿ ಮುಂದೆ, ಮೇಲಾಗಿ ಆಸಿಫಾಳನ್ನು ಅಂಗಾತ ಕೆಡವಿ ಒತ್ತುತ್ತಿದ್ದಾಳೆ. ಒಂದು ಹೆಗಲು ನೆಲಕ್ಕೆ ಹತ್ತಿದೆ, ಇನ್ನೊಂದೂ ಹತ್ತಿದರೆ ಕುಸ್ತಿ ಗೆದ್ದಂತೆ. ಆಗ ಆಸಿಫಾಳ ನಡು ಸ್ವಲ್ಪ ಎದ್ದಿತು, ನಡುಗಿತು, ಮತ್ತೆ ಕುಸಿಯತೊಡಗಿತು. ವಿಜಯಲಕ್ಷ್ಮಿಗೆ ಆ ನಡುವೊಂದೇ ಕಂಡಿತು. ಪದಕ ಮರೆತುಹೋಯಿತು, ಹನುಮಂತಪ್ಪನ ಮಾತು ಮರೆತುಹೋಯಿತು, ತಾನು ಯಾರ ಕೋಚ್ ಅನ್ನುವುದೂ ಮರೆತೇಹೋಯಿತು. ಕುರ್ಚಿ ಹಿಂದಕ್ಕೆ ಬಿತ್ತು.

"ತಲಿ ಊರು! ಹಿಮ್ಮಡ ಒಳಗ ತಗೊ, ಎತ್ತು, ಬಲಕ್ಕ ಹೊಳ್ಳು!"

ಆಸಿಫಾ ಹೇಳಿದಂತೆಯೇ ಮಾಡಿದಳು. ತನ್ನ ಮೇಡಂ ದನಿ ಕೇಳಿದ ರಾಜೇಶ್ವರಿ ಇದು ಯಾರಿಗೆ ಹೇಳಿದ್ದೆಂದು ಗೊಂದಲಗೊಂಡಳು. ಆ ಗೊಂದಲದಲ್ಲೇ ಉರುಳಿ ಕೆಳಗೆ ಬಿದ್ದಳು. ಅವಳೂ ನಡು ಎತ್ತಲು ನೋಡಿದಳು, ಎರಡು ಸಲ. ವಿಜಯಲಕ್ಷ್ಮಿಯ ಬಾಯಿ ಈಗ ಕಟ್ಟಿತ್ತು. ಕೈ ತನ್ನ ಕುತ್ತಿಗೆಯ ಮೇಲಿತ್ತು. ಎರಡೂ ಹೆಗಲು ಹತ್ತಿದವು, ಸೀಟಿ ಮೊಳಗಿತು.

ನರಗುಂದದಿಂದ ರೋಣಕ್ಕೆ, ರೋಣದಿಂದ ಗಜೇಂದ್ರಗಡಕ್ಕೆ, ಎರಡೂ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ವಿಜಯಲಕ್ಷ್ಮಿ ನಿಂತೇ ಬಂದಳು. ನಾಚಿಕೆಯಿಂದ ಮೈ ಉರಿಯುತ್ತಿತ್ತು. ಕಂಡಕ್ಟರ್ "ಕೂಡ್ರಿ ಅಕ್ಕಾ" ಅಂದರೂ ಕೂಡಲಿಲ್ಲ. ರಾಜೇಶ್ವರಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಊರಿಗೆ ಬಂದರೂ ವಿಜಯಲಕ್ಷ್ಮಿ ಮನೆಗೆ ಹೋಗಲಿಲ್ಲ, ಹುಡುಗಿಯ ಜೊತೆ ಪುರ್ತಗೇರಿಗೇ ನಡೆದಳು.

ಗಿರಣಿಯ ಸದ್ದಿನಲ್ಲೇ ಹೇಳಿದಳು: "ಅಣ್ಣಾರ, ಅಕಿ ಸೋಲಲಿಲ್ಲ, ನಾ ಸೋಲಿಸಿದೆ. ಎದುರಿನ ಹುಡುಗಿಗೆ ಪಟ್ಟು ಹೇಳಿಕೊಟ್ಟಾಕಿ ನಾನು. ತಪ್ಪು ನಂದು. ಅಕಿಗೆ ಇನ್ನೊಂದ ವರ್ಷ ಕೊಡ್ರಿ."

ಹನುಮಂತಪ್ಪ ಗಿರಣಿ ಬಂದ್ ಮಾಡಿ ಮುಖದ ಹಿಟ್ಟು ಒರೆಸಿಕೊಂಡ. "ಯಾಕ ಹೇಳಿಕೊಟ್ರಿ?"

"ಆ ಹುಡುಗಿ ನಡಾ ಎತ್ತಾಕ ನೋಡಾಕತ್ತಿದ್ಲು. ನನಗ ಸುಮ್ನ ಕುಂದ್ರಾಕ ಆಗಲಿಲ್ರಿ."

"ನಾನೂ ಎತ್ತಾಕ ನೋಡಿದ್ನಲ್ರಿ ಮೇಡಂ," ಎಂದಳು ರಾಜೇಶ್ವರಿ. ದನಿಯಲ್ಲಿ ಸಿಟ್ಟು ಇರಲಿಲ್ಲ. "ಆಗ ನೀವು ಸುಮ್ನ ಇದ್ರಿ."

ಹನುಮಂತಪ್ಪ ಮಗಳನ್ನೇ ನೋಡಿದ. "ನೀನ ಹೇಳವಾ, ಏನ್ ಮಾಡ್ತಿ?"

"ಒಂದ ವರ್ಷ ಕೊಡಪ್ಪಾ. ನರಗುಂದಕ್ಕ ಹೋಗ್ತೀನಿ, ಅಬ್ದುಲಗನಿ ಸರ್ ಹಂತ್ಯಾಕ ಕಲಿಯಾಕ."

ಅಪ್ಪ ಆಗಲಿ ಎಂದು ತಲೆ ಆಡಿಸಿದ. ಬೇಡಲು ಬಂದದ್ದು ಸಿಕ್ಕಿತು, ಹುಡುಗಿ ಕೈಬಿಟ್ಟುಹೋದಳು. ವಿಜಯಲಕ್ಷ್ಮಿ ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟಳು. ಫೋನ್ ತೆಗೆದು ಅಬ್ದುಲಗನಿ ಸರ್ ನಂಬರಿಗೆ ಹಚ್ಚಿದಳು. 'ನಮ್ಮ ಹುಡುಗಿ' ಅನ್ನಲು ಹೋಗಿ ತಡೆದುಕೊಂಡಳು.

"ಸರ್ರ, ಪುರ್ತಗೇರಿ ಹುಡುಗಿ ಒಬ್ಬಾಕಿ ನಿಮ್ಮ ಹಂತ್ಯಾಕ ಕಲಿಯಾಕ ಬರ್ತಾಳ್ರಿ. ಗಟ್ಟಿ ಅದಾಳ. ಅಂಜಿ ಅಂಜಿ ಕಲಿಸಬ್ಯಾಡ್ರಿ."