ಗೋರಂಟಿ ಓಣಿಗೆ ತಕ್ಕ ಲೆನ್ಸು

ಫೆಸ್ ಪಟ್ಟಣದ ಹಳೇ ಪೇಟೆಯಲ್ಲಿ ಗೋರಂಟಿ ಓಣಿ ಎಂದರೆ, ಹೇರು ಹೊತ್ತ ಕತ್ತೆ ಎದುರಾದರೆ ಮನುಷ್ಯ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟೇ ಅಗಲ. ಆ ಇಕ್ಕಟ್ಟಿನಲ್ಲೇ ಯಾರೋ ಪುಣ್ಯಾತ್ಮರು ದಾರಿಹೋಕರ ಬಾಯಾರಿಕೆಗೆಂದು ಒಂದು ನೀರುಗೋಡೆ ಕಟ್ಟಿಸಿದ್ದರು. ಎರಡಾಳೆತ್ತರ, ಆರು ಮಾರು ಉದ್ದ, ಉದ್ದಕ್ಕೂ ಬಣ್ಣದ ಹೆಂಚಿನ ಬಿಲ್ಲೆಗಳ ನಕ್ಷತ್ರಗಳು, ಕೆಳಗೆ, ನಡುವಿನಿಂದ ಕೊಂಚ ಸರಿದು, ಹಿತ್ತಾಳೆಯ ನಲ್ಲಿ. ಬಲಗಡೆಯ ಕೆಳಮೂಲೆಯ ಬಿಲ್ಲೆಗಳು ತೇವ ಹಿಡಿದು ಉದುರಿಹೋಗಿದ್ದವು. ಅದನ್ನು ಮತ್ತೆ ಕೂರಿಸುವ ಕೆಲಸ ಮಾಲೆಮ್ ಅಲ್ಲಾಲ್ ಅವರ ಪಾಲಿಗೆ ಬಂತು. ಮೂಲದ ಗೋಡೆಯನ್ನು ಮಾಡಿದ್ದು ಅವರ ಅಜ್ಜನೇ. ಕಸುಬಿನಲ್ಲಿ ಪಳಗಿದ ಗುರುವಲ್ಲದೆ ಬೇರೆಯವರನ್ನು ಆ ಊರಲ್ಲಿ ಯಾರೂ ಮಾಲೆಮ್ ಎಂದು ಕರೆಯುವುದಿಲ್ಲ.

ಗೋಡೆಗೆ ಕೈ ಹಾಕುವ ಮೊದಲು ಅದರ ಇಡಿಯಾದ ಒಂದು ಫೋಟೋ ಬೇಕೆಂದು ಅವರು ಹಫೀದನನ್ನು ಕೇಳಿದ್ದರು. ಹಫೀದ್ ಮದುವೆ ಮುಂಜಿಗಳಲ್ಲಿ ಫೋಟೋ ತೆಗೆದು ಬದುಕುವವನು. ಅವನ ಹಳೆಯ ಲೆನ್ಸಿಗೆ ಆ ಓಣಿಯಲ್ಲಿ ಉಸಿರೇ ಸಾಲುತ್ತಿರಲಿಲ್ಲ. ಬೆನ್ನನ್ನು ಎದುರುಗೋಡೆಗೆ ಒತ್ತಿ ನಿಂತರೂ ಕಾಣುವುದು ಮೂರು ನಕ್ಷತ್ರ. ಒಂಬತ್ತು ತುಂಡು ತೆಗೆದು ಜೋಡಿಸಿದರೆ, ಜೋಡಿಸಿದ ಕಡೆ ನಕ್ಷತ್ರಕ್ಕೆ ಎರಡೆರಡು ತಲೆ.

ಹೊಸ ಪೇಟೆಯ ಕ್ಯಾಮೆರಾ ಅಂಗಡಿಯ ಜಿಲಾಲಿ ಒಂದು ಅಗಲ ನೋಟದ ಜೂಮ್ ಲೆನ್ಸನ್ನು ಮುಂದಿಟ್ಟ.

"ಈಗ ತಾನೆ ಬಂದದ್ದು. ಕೊಳ್ಳೋದು ಬಿಡೋದು ನಿನ್ನಿಷ್ಟ. ಮೊದಲು ತಗೊಂಡು ಹೋಗಿ ನೋಡು," ಎಂದ.

"ಕೆಟ್ಟದ್ದಾಗಿದ್ರೆ?"

"ಗುರುವಾರ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಕೂಗೋ ಮೊದಲು ವಾಪಸ್ ತಂದುಕೊಡು. ಬಾಂಗ್ ಆದ ಮೇಲೆ ಅದು ನಿನ್ನದು, ನಿನ್ನ ಹೆಂಡತಿ ಹತ್ತಿರ ಬೈಸಿಕೊಳ್ಳೋನೂ ನೀನೇ."

ಸೋಮವಾರ ಹಫೀದ್ ಓಣಿಗೆ ಹೋದ. ಗೋಡೆಯ ನಡುವಿಗೆ ಎದುರಾಗಿ ನಿಂತರೆ ಹೊಸ ಲೆನ್ಸಿಗೂ ಎರಡು ತುದಿ ಸಿಗಲಿಲ್ಲ. ಆದರೆ ಎಡಗಡೆ, ಎದುರು ಸಾಲಿನಲ್ಲಿ, ಮೊಹಲ್ಲಾದ ಮನೆಗಳ ರೊಟ್ಟಿಯನ್ನೆಲ್ಲ ಬೇಯಿಸುವ ಒಲೆಮನೆಯ ಬಾಗಿಲು ಒಳಕ್ಕೆ ಸರಿದಿತ್ತು. ಆ ಮೆಟ್ಟಿಲ ಮೇಲೆ ನಿಂತರೆ ಇನ್ನೆರಡು ಹೆಜ್ಜೆ ಹಿಂದಕ್ಕೆ ಹೋದಂತಾಗುತ್ತಿತ್ತು. ಹಸಿ ರೊಟ್ಟಿಯ ಹಲಗೆ ತಲೆಯ ಮೇಲಿಟ್ಟುಕೊಂಡು ಬಂದ ಹೆಂಗಸೊಬ್ಬಳು, "ಏನಪ್ಪಾ, ನೀನೂ ಬೇಯೋಕೆ ಬಂದ್ಯಾ?" ಎಂದಳು. ಅವಳಿಗೆ ದಾರಿ ಬಿಟ್ಟು, ಬಿಸ್ಮಿಲ್ಲಾ ಎಂದು, ಜೂಮನ್ನು ಅಗಲ ನೋಟದ ಕಡೆಯವರೆಗೂ ತಿರುಗಿಸಿ ಒತ್ತಿದ.

ಗೋಡೆ ಇಡಿಯಾಗಿ ಬಂದುಬಿಟ್ಟಿತು, ಒಂದೇ ಏಟಿಗೆ. ಅವನು ಅಲ್ಲೇ ಕೂತು ಲೆನ್ಸನ್ನು ಪರೀಕ್ಷೆ ಮಾಡಿದ. ಮೂಲೆಗಳಲ್ಲಿ ಕಪ್ಪು ಕವಿದಿದೆಯೇ? ಸ್ವಲ್ಪ, ಹೆಚ್ಚಲ್ಲ. ಗೆರೆಗಳು ಚೂಪಾಗಿವೆಯೇ? ಬಿಲ್ಲೆಯ ಮೇಲಿನ ಕೂದಲೆಳೆಯ ಬಿರುಕೂ ಕಾಣುತ್ತಿತ್ತು. ಮೇಲಿನಿಂದ ಬಿಸಿಲ ಕೋಲು ಬಿದ್ದ ಕಡೆ ಬಣ್ಣ ಕದಡಿರಲಿಲ್ಲ. ಕೈಗೆ ಭಾರವೂ ಅಲ್ಲ. ಸಂತೋಷದಿಂದ ಅಂದೇ ದೊಡ್ಡದಾಗಿ ಅಚ್ಚು ಹಾಕಿಸಿ ಮಾಲೆಮ್ ಕೈಗಿಟ್ಟು ಬಂದ. ಮುದುಕರು ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ಒಂದೊಂದೇ ನಕ್ಷತ್ರದ ಮೇಲಿಡುತ್ತ ಹೋದರು. ಅಳತೆ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡ ಹಫೀದ್.

ಗುರುವಾರ ಮಧ್ಯಾಹ್ನ ಪುದೀನಾ ಚಹಾ ಬಗ್ಗಿಸುವಾಗ ಅದೇ ಚಿತ್ರದ ಇನ್ನೊಂದು ಪ್ರತಿಯನ್ನು ಹೆಂಡತಿಗೆ ತೋರಿಸಿದ. ಬತೂಲ್ ಕಸೂತಿಯವಳು, ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕುವ ಫೆಸ್ ಕಸೂತಿ. ಒಂದೆಳೆ ತಪ್ಪಿದರೆ ಇಡೀ ಸಾಲು ಬಿಚ್ಚುವವಳು. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಈ ಎಡಗಡೆ ನಕ್ಷತ್ರಕ್ಕೆ ಯಾರು ತುಪ್ಪ ತಿನ್ನಿಸಿದ್ದಾರೆ?"

"ಅಂದ್ರೆ?"

ಅವಳು ನೂಲು ತೆಗೆದು ಎಡತುದಿಯ ನಕ್ಷತ್ರವನ್ನು ಅಳೆದಳು. ಅದೇ ನೂಲನ್ನು ಬಲಗಡೆಯ ನಕ್ಷತ್ರದ ಮೇಲಿಟ್ಟಳು. ಅಲ್ಲಿ ಎರಡು ನಕ್ಷತ್ರ ಹಿಡಿದವು.

"ನೋಡು ಸಿ ಹಫೀದ್, ನನ್ನ ಯಜಮಾನನೇ. ಇಲ್ಲಿ ಒಂದು, ಅಲ್ಲಿ ಎರಡು. ಗೋಡೆ ಹೀಗಿದೆಯಾ?"

ಹಫೀದನ ಕೈಯ ಲೋಟ ಕೈಯಲ್ಲೇ ಉಳಿಯಿತು. ಗೋಡೆ ಹಾಗಿಲ್ಲ. ಎಲ್ಲ ನಕ್ಷತ್ರವೂ ಒಂದೇ ಅಳತೆ.

"ಲಲ್ಲಾ, ನನ್ನ ಒಡತಿ, ನಾನು ಕೆಟ್ಟೆ. ಮಾಲೆಮ್ ಸೋಮವಾರವೇ ಇದರ ಮೇಲೆ ಬೆರಳಿಟ್ಟು ಅಳತೆ ತಗೊಂಡರು. ಮೂರು ದಿನದಿಂದ ಕಡೀತಾ ಇದ್ದಾರೆ."

"ಹಾಗಾದ್ರೆ ಇಲ್ಲಿ ಯಾಕೆ ಕೂತಿದ್ದೀಯ? ಎದ್ದೇಳು!"

ಇಳಿಜಾರಿನ ಓಣಿಗಳಲ್ಲಿ ಅವನು ಓಡಿದ. ಚೀಲದಲ್ಲಿ ಲೆನ್ಸು ಪಕ್ಕೆಗೆ ಬಡಿಯುತ್ತಿತ್ತು. ಒಂದೊಂದು ಬಿಲ್ಲೆಯನ್ನೂ ಉಳಿಯಂಥ ಸುತ್ತಿಗೆಯಿಂದ ಕೈಯಲ್ಲೇ ಕಡಿಯಬೇಕು. ಎಪ್ಪತ್ತು ದಾಟಿದ ಕೈ ಅದು. ನೂರಾರು ಬಿಲ್ಲೆ ಹಾಳಾಗಿದ್ದರೆ ಯಾವ ಮುಖ ಹೊತ್ತು ಆ ಓಣಿಯಲ್ಲಿ ನಡೆಯಲಿ? ಯಾ ರಬ್ಬಿ, ನನ್ನ ದೇವರೇ, ಸುಳ್ಳು ಹೇಳುವ ಗಾಜನ್ನು ನಂಬಿ ಒಬ್ಬ ಸತ್ಯವಂತನ ಕೆಲಸ ಕೆಡಿಸಿದೆನಲ್ಲ. ಇವತ್ತೇ ಇದನ್ನು ವಾಪಸ್ ಕೊಡುತ್ತೇನೆ, ಆ ಬಿಲ್ಲೆಗಳನ್ನು ಮಾತ್ರ ಉಳಿಸು.

ಕಾರ್ಖಾನೆಯ ಅಂಗಳದಲ್ಲಿ ಟಕ್ ಟಕ್ ಸದ್ದು ದೂರಕ್ಕೇ ಕೇಳಿತು. ಹಫೀದ್ ಒಳಗೆ ನುಗ್ಗಿದ. ಮಾಲೆಮ್ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಮುಂದೆ ಕಡಿದ ಬಿಲ್ಲೆಗಳ ಎರಡು ಗುಡ್ಡೆ, ಒಂದು ನೀಲಿ, ಒಂದು ಹಸಿರು.

"ಏನು ಸಿ ಹಫೀದ್, ನಾಯಿ ಅಟ್ಟಿಸ್ಕೊಂಡು ಬಂತಾ?"

"ಮಾಲೆಮ್, ಕೈ ನಿಲ್ಲಿಸಿ. ನನ್ನ ಚಿತ್ರ ತಪ್ಪು. ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು. ಆ ಅಳತೆಯಲ್ಲಿ ಕಡಿದದ್ದು ಯಾವುದೂ ಗೋಡೆಗೆ ಕೂರಲ್ಲ. ತಪ್ಪು ನನ್ನದು, ಕ್ಷಮಿಸಬೇಕು."

ಮುದುಕರ ಸುತ್ತಿಗೆ ನಿಂತಿತು. ಅವರು ಅವನನ್ನು ನೋಡಿದರು, ಗುಡ್ಡೆಗಳನ್ನು ನೋಡಿದರು. ಆಮೇಲೆ ಅವರ ಭುಜ ಕುಣಿಯತೊಡಗಿತು. ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

"ಅಯ್ಯೋ ನನ್ನಪ್ಪಾ! ನಿನ್ನ ಕಾಗದ ನೋಡಿ ನಾನು ಅಳತೆ ಕಡೀತೀನಾ? ಇದರ ಹೆಸರೇನು ಗೊತ್ತಾ?" ಎಂದು ಒಂದೊಂದೇ ಬಿಲ್ಲೆ ಎತ್ತಿ ತೋರಿಸಿದರು. "ಬಾದಾಮಿ. ಇದು ದೀಪ. ಇದು ಮುದ್ರೆ. ನಮ್ಮಜ್ಜನ ಬಾದಾಮಿ ಎಷ್ಟಿತ್ತೋ ನಮ್ಮಪ್ಪನದೂ ಅಷ್ಟೇ, ನಂದೂ ಅಷ್ಟೇ. ಅಳತೆ ಈ ಬೆರಳಲ್ಲಿದೆ. ಕಣ್ಣು ಕಟ್ಟಿ ಕೂರಿಸು, ಕಡೀತೀನಿ."

"ಮತ್ತೆ ಅವತ್ತು ಬೆರಳಿಟ್ಟು ಅಳೆದಿರಲ್ಲ?"

"ಅಳೀಲಿಲ್ಲಪ್ಪ, ಎಣಿಸಿದೆ. ಬಾ ಇಲ್ಲಿ."

ಹಫೀದ್ ನೆಲದ ಮೇಲೆ ಕೂತ. ಮಾಲೆಮ್ ಗೋಡೆಗೂಡಿನಿಂದ ಚಿತ್ರವನ್ನು ತೆಗೆದು ಮಡಿಲ ಮೇಲೆ ಹರಡಿದರು. ಒಂದು ಕಲೆಯೂ ಬೀಳದಂತೆ ಬಟ್ಟೆ ಸುತ್ತಿ ಇಟ್ಟಿದ್ದರು.

"ನಾವು ಬಿಲ್ಲೆ ಜೋಡಿಸೋದು ಹೇಗೆ? ಬಣ್ಣದ ಮುಖ ನೆಲಕ್ಕೆ, ಬೆನ್ನು ನಮ್ಮ ಕಡೆಗೆ. ಮೇಲೆ ಗಾರೆ ಸುರಿದು ಎತ್ತಿ ಗೋಡೆಗೆ ನಿಲ್ಲಿಸೋವರೆಗೂ ಮುಖ ಕಾಣಲ್ಲ. ನಿಲ್ಲಿಸಿದ ಮೇಲಾದ್ರೂ ಕಾಣುತ್ತಾ? ಆ ಓಣಿಯಲ್ಲಿ ಹಿಂದೆ ಸರಿಯೋಕೆ ಜಾಗ ಎಲ್ಲಿ? ಹುಟ್ಟಿದಾಗಿಂದ ಅಲ್ಲೇ ನೀರು ಕುಡೀತಾ ಇದ್ದೀನಿ. ನಮ್ಮಜ್ಜನ ಗೋಡೆನ ಇಡಿಯಾಗಿ ನೋಡಿದ್ದು ಮೊನ್ನೆ ಸೋಮವಾರ."

ಅವರ ಬೆರಳು ಚಿತ್ರದ ಮೇಲೆ ನಿಧಾನವಾಗಿ ಸುತ್ತು ಬಂತು.

"ಇಲ್ಲಿ ಹಸಿರು ಬಳೆ ಕಾಣ್ತಾ? ಎಡಗಡೆ ಏರುತ್ತೆ, ಮೇಲೆ ಬಾಗುತ್ತೆ, ಬಿದ್ದುಹೋದ ಜಾಗಕ್ಕೆ ಇಳಿಯುತ್ತೆ. ಹತ್ತಿರ ನಿಂತರೆ ಒಂದು ಹಸಿರು ನಕ್ಷತ್ರ ಇಲ್ಲಿ, ಒಂದು ಅಲ್ಲಿ, ಅಷ್ಟೇ. ನಾವೆಲ್ಲ ಗೋಡೆಯ ನಡುವಿನಿಂದ ಎಣಿಸಿ, ಆ ಮೂಲೆ ನೀಲಿ ಅಂದ್ಕೊಂಡಿದ್ವಿ. ಅಜ್ಜ ಎಣಿಸಿದ್ದು ನಲ್ಲಿಯ ಬಾಯಿಂದ. ನೀರೇ ಅವನಿಗೆ ನಡು. ಕಳೆದ ಶನಿವಾರವೇ ಈ ನೀಲಿ ಗುಡ್ಡೆ ಕಡಿದಿಟ್ಟಿದ್ದೆ, ಹಸಿರು ಕಡಿದದ್ದು ನಿನ್ನ ಚಿತ್ರ ನೋಡಿದ ಮೇಲೆ. ನಿನ್ನ ಚಿತ್ರ ಬರದೇ ಇದ್ದಿದ್ರೆ ಅದನ್ನೇ ಕೂರಿಸಿ, ಅಜ್ಜನ ಬಳೆ ಮುರಿದು, ಅವನಿಗೆ ಏನು ಹೇಳ್ತಿದ್ದೆ?"

"ಆದ್ರೂ ಮಾಲೆಮ್, ಈ ಲೆನ್ಸು ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು ಮಾಡಿದೆಯಲ್ಲ."

"ನೀನು ಎಲ್ಲಿ ನಿಂತಿದ್ದೆ?"

"ರೊಟ್ಟಿ ಒಲೆಯ ಮೆಟ್ಟಿಲ ಮೇಲೆ, ಎಡಗಡೆ."

"ಅಲ್ಲಿಂದ ನೋಡಿದ್ರೆ ನನಗೂ ಹತ್ತಿರದ್ದು ದೊಡ್ಡದೇ ಕಾಣುತ್ತೆ, ದೂರದ್ದು ಚಿಕ್ಕದೇ. ಅಲ್ಲಾಹ್ ಕೊಟ್ಟ ಕಣ್ಣಿಗೇ ಹಾಗೆ. ಪಾಪ, ಗಾಜನ್ನ ಯಾಕೆ ಬೈತೀಯ?" ಎಂದು ಮಾಲೆಮ್ ಮತ್ತೆ ನಕ್ಕರು. "ಫೋಟೋ ತೆಗೆಯೋನು ನೀನು, ಹೇಳಿಕೊಡೋನು ನಾನು!"

ಹಫೀದ್ ನಾಚಿದ. ಆದರೆ ಆ ನಾಚಿಕೆಯ ಕೆಳಗೆ, ಮನೆಯಿಂದ ಹೊರಟಾಗಿನಿಂದ ಬಿಗಿದಿದ್ದ ಏನೋ ಒಂದು ಗಂಟು ಸಡಿಲವಾಗಿ ಕಳಚಿಕೊಂಡಿತು. "ಅಲ್‌ಹಮ್ದುಲಿಲ್ಲಾಹ್," ಎಂದ, ಮತ್ತೊಮ್ಮೆ ಎಂದ. ಹೊರಗೆ ಅಸರ್ ಬಾಂಗ್ ಎದ್ದಿತು. ಒಂದು ಮಸೀದಿಯಿಂದ ಇನ್ನೊಂದಕ್ಕೆ ದಾಟುತ್ತ ಇಡೀ ಕಣಿವೆ ತುಂಬಿತು. ಜಿಲಾಲಿಯ ಗಡುವು ಮುಗಿಯಿತೆಂದು ಅವನಿಗೆ ತಿಳಿದಿತ್ತು. ಎದ್ದು ಓಡಬೇಕೆನಿಸಲಿಲ್ಲ. ಮಾಲೆಮ್ ಜೊತೆ ಕೈಕಾಲು ತೊಳೆದು, ಪಕ್ಕದ ಮಸೀದಿಯಲ್ಲಿ ಅವರ ಭುಜಕ್ಕೆ ಭುಜ ತಾಗಿಸಿ ನಿಂತು ನಮಾಜು ಮಾಡಿದ. ಸಜ್ದಾದಲ್ಲಿ ಹಣೆ ನೆಲಕ್ಕೆ ಮುಟ್ಟಿದಾಗ ಏಳುವ ಅವಸರವೇ ಆಗಲಿಲ್ಲ.

ಆಮೇಲೆ ಹೊಸ ಪೇಟೆಗೆ ನಡೆದ. ಜಿಲಾಲಿ ಬಾಗಿಲಲ್ಲೇ ನಿಂತಿದ್ದ.

"ಬಾಂಗ್ ಆಯ್ತಲ್ಲೋ, ಈಗ ವಾಪಸ್ ಅಂದ್ರೆ ನಾನು ಕಿವುಡ."

"ವಾಪಸ್ ಕೊಡೋಕೆ ಬಂದಿಲ್ಲ. ದುಡ್ಡು ಕೊಡೋಕೆ ಬಂದೆ."

"ಏನೂ ಕುಂದಿಲ್ವಾ ಅದರಲ್ಲಿ?" ಜಿಲಾಲಿಗೆ ನಂಬಿಕೆಯಾಗಲಿಲ್ಲ. ಕೊಳ್ಳುವವರು ಯಾವಾಗಲೂ ಒಂದು ಕುಂದು ಹಿಡಿದೇ ಬರುತ್ತಾರೆ.

"ಮೂಲೆಯಲ್ಲಿ ಸ್ವಲ್ಪ ಕಪ್ಪು ಬರುತ್ತೆ. ಇಕ್ಕಟ್ಟಿನ ಓಣಿಗೆ ಅಷ್ಟು ನಡೆಯುತ್ತೆ," ಎಂದ ಹಫೀದ್. ಆಗಲೇ ಅವನ ಮೂಗಿಗೆ ಪಕ್ಕದ ಗೂಡಂಗಡಿಯ ಬೇಳೆಗಂಜಿಯ ವಾಸನೆ ಬಡಿಯಿತು, ಜೀರಿಗೆ, ಆಲಿವ್ ಎಣ್ಣೆ. ಹೊಟ್ಟೆ ಹಸಿದಿರುವುದು ಗೊತ್ತಾದದ್ದು ಆಗಲೇ. "ಜಿಲಾಲಿ, ದುಡ್ಡು ಆಮೇಲೆ ಎಣಿಸ್ಕೋ. ಬಾ, ಮೊದಲು ಒಂದೊಂದು ಬಟ್ಟಲು ಕುಡಿಯೋಣ."